ಮಾತ್ರೆ ಬಿಡದೆ ಔಷಧದ ಖರ್ಚು ಇಳಿಸುವುದು ಹೇಗೆ?

ಚಿಕಿತ್ಸೆಯ ಬೆಲೆ ಏರಿದಾಗ ರೋಗಿಗಳು ಅನಗತ್ಯ ಖರ್ಚಿನ ಜೊತೆಗೆ ಅಗತ್ಯವಾದದ್ದನ್ನೂ ಕಡಿತಗೊಳಿಸಿಬಿಡುತ್ತಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ ರ‍್ಯಾಂಡ್ ಸಂಸ್ಥೆಯ ಆರೋಗ್ಯ ವಿಮೆ ಪ್ರಯೋಗದಲ್ಲಿ, ಸ್ವಂತ ಜೇಬಿನಿಂದ ಹಣ ತೆರಬೇಕಾದವರು ಉಪಯುಕ್ತ ಚಿಕಿತ್ಸೆಯನ್ನೂ ಅಷ್ಟೇನೂ ಉಪಯೋಗವಿಲ್ಲದ್ದನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಿದ್ದು ಕಂಡುಬಂದಿತು. ನಮ್ಮಲ್ಲಿ ಇದನ್ನು ತಿಳಿಯಲು ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು: ತಿಂಗಳ ಚೀಟಿ ಹಿಡಿದು ಬಂದವರು ‘ಸದ್ಯ ಹತ್ತು ದಿನಕ್ಕೆ ಕೊಡಿ’ ಎನ್ನುತ್ತಾರೆ.

ಆದ್ದರಿಂದ ಮಾತ್ರೆಗಳ ಸಂಖ್ಯೆಯನ್ನು ಮುಟ್ಟದೆ ಬೆಲೆಯನ್ನೇ ಇಳಿಸಲು ನೋಡಬೇಕು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಎಂಬಂತೆ ಕಂಪನಿಯ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನೇ ಬಿಡಿಸಿ ಬರೆದುಕೊಡುವಂತೆ ವೈದ್ಯರನ್ನು ಕೇಳಿ, ಆ ಚೀಟಿಯನ್ನು ಜನೌಷಧಿ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿ ಸ್ಟ್ರಿಪ್‌ನ ಹಿಂಬದಿಯ ಮಿಲಿಗ್ರಾಂ ಪ್ರಮಾಣವೂ ಹೆಸರಿನ ಪಕ್ಕದ ‘ಎಸ್‌ಆರ್’ ಅಕ್ಷರಗಳೂ ಚೀಟಿಗೆ ಹೊಂದುತ್ತವೆಯೇ ಎಂದು ತಾಳೆ ನೋಡುವುದು ಮುಖ್ಯ. ‘ಎಸ್‌ಆರ್’ ಎಂದರೆ ನಿಧಾನವಾಗಿ ಕರಗುವ ಮಾತ್ರೆ; ಅದರ ಬದಲಿಗೆ ಸಾಮಾನ್ಯ ಮಾತ್ರೆ ನುಂಗಿದರೆ ಪರಿಣಾಮ ಒಂದೇ ಆಗಿರುವುದಿಲ್ಲ. ಎರಡು ಔಷಧ ಸೇರಿದ ಮಾತ್ರೆಯಾದರೆ, ಬಿಡಿಯಾಗಿ ಕೊಂಡರೆ ಅಗ್ಗವೇ ಎಂದು ವಿಚಾರಿಸಿ, ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಬೇಕು. ದುಡ್ಡಿನ ಅಡಚಣೆಯನ್ನು ಅವರ ಮುಂದೆ ಹೇಳಲು ಬಹಳ ಮಂದಿ ಹಿಂಜರಿಯುತ್ತಾರೆ; ನನ್ನ ಮಟ್ಟಿಗೆ ಅದು ಅತ್ಯಂತ ದುಬಾರಿಯಾದ ಸಂಕೋಚ. ರಕ್ತದೊತ್ತಡ ಮತ್ತು ಮಧುಮೇಹದ ಸಾಮಾನ್ಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವುದರಿಂದ, ದಾಸ್ತಾನು ಇದೆಯೇ ಎಂದು ಮೊದಲು ಅಲ್ಲಿಯೇ ಕೇಳಬಹುದು.