ಗಿಜಿಗುಡುವ ನೆಟ್‌ವರ್ಕ್‌ನಲ್ಲಿ ಒಂದು ರೀಸೆಟ್ ಪ್ಯಾಕೆಟ್ ಹಿಡಿದದ್ದು

ನಮ್ಮ ಬಿಲ್ಲಿಂಗ್ ಅಪ್ಲಿಕೇಶನ್ ಯಾರೂ ಬಳಸದೆ ಸ್ವಲ್ಪ ಹೊತ್ತು ಬಿಟ್ಟರೆ ಮೊದಲ ಕ್ಲಿಕ್‌ಗೆ ಎರರ್ ಕೊಡುತ್ತಿತ್ತು. ಇನ್ನೊಂದು ಸಲ ಒತ್ತಿದರೆ ಸರಿಹೋಗುತ್ತಿತ್ತು. ಲಾಗ್‌ನಲ್ಲಿ 'ಕನೆಕ್ಷನ್ ರೀಸೆಟ್', ಅಂದರೆ ಕನೆಕ್ಷನ್ ಥಟ್ಟನೆ ಕಡಿದು ಹೋಯಿತು, ಅಂತ ಒಂದೇ ಸಾಲು. ಅಪ್ಲಿಕೇಶನ್‌ನವರು ಡೇಟಾಬೇಸ್ ಕಡೆ ಕೈ ತೋರಿಸಿದರು, ಡೇಟಾಬೇಸ್‌ನವರು ನೆಟ್‌ವರ್ಕ್ ಕಡೆ. ನೆಟ್‌ವರ್ಕ್ ನನ್ನ ಕೆಲಸ, ಹಾಗಾಗಿ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹರಿಯುವ ಡೇಟಾದ ತುಣುಕು) ಹಿಡಿದು ನೋಡೋಣ ಅಂತ ಕೂತೆ.

ಲಿಂಕ್ 10 ಗಿಗಾಬಿಟ್‌ನದು. ಪೂರ್ತಿ ತುಂಬಿ ಹರಿದರೆ ಒಂದು ಸೆಕೆಂಡಿಗೆ 1.25 ಗಿಗಾಬೈಟ್. ಎಲ್ಲವನ್ನೂ ಹಿಡಿಯಲು ಹೋದರೆ ಒಂದು ಟೆರಾಬೈಟ್ ಡಿಸ್ಕ್ ಕಾಲು ಗಂಟೆಯೊಳಗೆ ತುಂಬಿ ಹೋಗುತ್ತದೆ. ಮತ್ತೆ ಆ ರಾಶಿಯನ್ನು ವೈರ್‌ಶಾರ್ಕ್‌ನಲ್ಲಿ (ಹಿಡಿದ ಪ್ಯಾಕೆಟ್ ಬಿಡಿಸಿ ತೋರಿಸುವ ಪ್ರೋಗ್ರಾಂ) ತೆರೆಯುವವರು ಯಾರು? ಆಮೇಲೆ ಸೋಸಿದರಾಯಿತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಏನು ಬೇಡ ಅನ್ನುವುದನ್ನು ಹಿಡಿಯುವ ಮೊದಲೇ ತೀರ್ಮಾನ ಮಾಡಬೇಕು.

ಪ್ಯಾಕೆಟ್ ಹಿಡಿಯುವ ಸಾಧನ ಟಿಸಿಪಿಡಂಪ್. ಅದಕ್ಕೆ ನಾವು ಬರೆದು ಕೊಡುವ ಫಿಲ್ಟರ್ ಬಿಪಿಎಫ್ ಎಂಬ ಪುಟ್ಟ ಪ್ರೋಗ್ರಾಂ ಆಗಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಹೋಗಿ ಕೂರುತ್ತದೆ. ಬರ್ಕ್ಲಿ ಲ್ಯಾಬ್‌ನ ಸ್ಟೀವನ್ ಮೆಕೇನ್ ಮತ್ತು ವ್ಯಾನ್ ಜೇಕಬ್‌ಸನ್ 1990ರ ದಶಕದ ಶುರುವಿನಲ್ಲಿ ಮಾಡಿದ ಕೆಲಸ ಇದು. ಬೇಡದ ಪ್ಯಾಕೆಟ್ ಅಲ್ಲೇ ಬಿದ್ದು ಹೋಗುತ್ತದೆ, ನಮ್ಮ ಪ್ರೋಗ್ರಾಂವರೆಗೆ ಕಾಪಿ ಆಗಿ ಬರುವುದೇ ಇಲ್ಲ. ತುಂಬಿದ ಲಿಂಕ್‌ನಲ್ಲಿ ನಮ್ಮನ್ನು ಉಳಿಸುವುದು ಇದೇ. ವೈರ್‌ಶಾರ್ಕ್‌ನ ಡಿಸ್‌ಪ್ಲೇ ಫಿಲ್ಟರ್ ಬೇರೆ ವಿಷಯ. ಅದು ಹಿಡಿದಾದ ಮೇಲೆ ತೋರಿಸುವುದಕ್ಕೆ ಮಾತ್ರ, ಎರಡರ ಬರವಣಿಗೆಯೂ ಬೇರೆ ಬೇರೆ.

ಮೊದಲ ಸುತ್ತಿನಲ್ಲಿ ನಾನು ಡೇಟಾ ಪ್ಯಾಕೆಟ್‌ಗಳನ್ನು ಪೂರ್ತಿ ಬಿಟ್ಟೆ. ಡೇಟಾಬೇಸ್ ಪೋರ್ಟ್ 5432ರಲ್ಲಿ ಟಿಸಿಪಿ ಫ್ಲ್ಯಾಗ್ (ಪ್ಯಾಕೆಟ್‌ನ ತಲೆಭಾಗವಾದ ಹೆಡರ್‌ನಲ್ಲಿರುವ ಗುರುತು) ನೋಡಿ ಎಸ್‌ವೈಎನ್ (ಶುರು), ಎಫ್‌ಐಎನ್ (ಮುಗಿಯಿತು), ಆರ್‌ಎಸ್‌ಟಿ (ರೀಸೆಟ್) ಇರುವವನ್ನು ಮಾತ್ರ ಹಿಡಿದೆ. ಕನೆಕ್ಷನ್ ಹುಟ್ಟುವುದು, ಸಾಯುವುದು, ಇಷ್ಟೇ. ದಿನವಿಡೀ ಓಡಿಸಿದರೂ ಫೈಲ್ ಪುಟ್ಟದು. ಯಾವ ಅಪ್ಲಿಕೇಶನ್ ಸರ್ವರ್‌ಗೆ ಯಾವ ಹೊತ್ತಿಗೆ ರೀಸೆಟ್ ಬರುತ್ತಿದೆ ಅನ್ನುವುದು ಇದರಲ್ಲೇ ಸಿಕ್ಕಿತು. (ಈ ಫ್ಲ್ಯಾಗ್ ಫಿಲ್ಟರ್ ಐಪಿವಿ4ಗೆ ಮಾತ್ರ ಕೆಲಸ ಮಾಡುತ್ತದೆ, ಐಪಿವಿ6 ಇದ್ದರೆ ಬೇರೆ ಥರ ಬರೆಯಬೇಕು.)

ಎರಡನೇ ಸುತ್ತಿಗೆ ಆ ಅಪ್ಲಿಕೇಶನ್ ಸರ್ವರ್, ಡೇಟಾಬೇಸ್ ಸರ್ವರ್, ಈ ಎರಡು ಯಂತ್ರಗಳ ನಡುವಿನ ಮಾತುಕತೆ ಪೂರ್ತಿ ಬೇಕಿತ್ತು, ಯಾಕಂದರೆ ರೀಸೆಟ್‌ಗೆ ಮುಂಚೆ ಏನಾಯಿತು ಅನ್ನುವುದೇ ಮುಖ್ಯ. ಆದರೆ ಪ್ರತಿ ಪ್ಯಾಕೆಟ್‌ನ ಮೊದಲ 96 ಬೈಟ್ ಸಾಕು ಅಂದುಕೊಂಡೆ. ಹೆಡರ್‌ಗಳ ಲೆಕ್ಕ ಇಷ್ಟು: ಈಥರ್ನೆಟ್ 14, ಐಪಿ 20, ಟಿಸಿಪಿ ಹೆಚ್ಚೆಂದರೆ 60, ಒಟ್ಟು 94. ಇದರಿಂದ ಡಿಸ್ಕ್ ಉಳಿಯುತ್ತದೆ ಅನ್ನುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಗ್ರಾಹಕರ ಮಾಹಿತಿ ನಮ್ಮ ಫೈಲಿಗೆ ಬರುವುದು ತುಂಬಾ ಕಡಿಮೆಯಾಗುತ್ತದೆ. ಪೂರ್ತಿ ಬರುವುದೇ ಇಲ್ಲ ಅಂತಲ್ಲ, ಹೆಡರ್ ಚಿಕ್ಕದಿದ್ದರೆ ಕೆಲವು ಬೈಟ್ ಡೇಟಾ ಸೇರಿಕೊಳ್ಳುತ್ತದೆ. ಹಾಗಾಗಿ ಬರವಣಿಗೆಯಲ್ಲಿ ಅನುಮತಿ ತಗೊಂಡೇ ಶುರು ಮಾಡಿದೆ. ಬೇರೆಯವರ ಮಾತು ಕದ್ದು ಕೇಳುವ ಸಾಧನ ಇದು, ಅದನ್ನು ಹಗುರವಾಗಿ ತಗೋಬಾರದು.

ಫೈಲ್‌ಗಳು 100 ಮೆಗಾಬೈಟ್‌ನವು, ಒಟ್ಟು 20. ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ, ಎರಡು ಗಿಗಾಬೈಟ್ ದಾಟುವುದಿಲ್ಲ. ಎರರ್ ಬಂದ ಕೂಡಲೇ ಹೋಗಿ ನಿಲ್ಲಿಸಿದರೆ ಆಯಿತು. ಟಿಸಿಪಿಡಂಪ್ ನಿಲ್ಲಿಸಿದಾಗ ಕೊನೆಯಲ್ಲಿ 'ಡ್ರಾಪ್ಡ್ ಬೈ ಕರ್ನಲ್' ಅಂತ ಒಂದು ಸಾಲು ಬರುತ್ತದಲ್ವಾ, ಅದನ್ನು ದಯವಿಟ್ಟು ಓದಿ. ಅಲ್ಲಿ ಸೊನ್ನೆ ಇಲ್ಲದಿದ್ದರೆ 'ಈ ಪ್ಯಾಕೆಟ್ ಬರಲೇ ಇಲ್ಲ' ಅಂತ ಹೇಳುವ ಹಕ್ಕು ನಮಗಿಲ್ಲ. ನಾನು ಬಫರ್ ಜಾಸ್ತಿ ಮಾಡಿ, ಅದು ಸೊನ್ನೆ ಆಗುವವರೆಗೆ ಫಿಲ್ಟರ್ ಬಿಗಿ ಮಾಡಿದೆ.

ಸ್ವಿಚ್‌ನ ಮಿರರ್ ಪೋರ್ಟ್‌ನಿಂದ (ಬೇರೆ ಪೋರ್ಟ್‌ನ ಪ್ಯಾಕೆಟ್‌ಗಳ ನಕಲು ಕೊಡುವ ಪೋರ್ಟ್) ಹಿಡಿಯುವವರಿಗೆ ಇನ್ನೂ ಎರಡು ತೊಡಕು. 10 ಗಿಗಾಬಿಟ್ ಲಿಂಕ್‌ನ ಎರಡೂ ದಿಕ್ಕು ಸೇರಿದರೆ 20 ಆಗಬಹುದು. ಅದನ್ನು 10ರ ಪೋರ್ಟ್‌ಗೆ ತಳ್ಳಿದರೆ ಉಳಿದದ್ದನ್ನು ಸ್ವಿಚ್ಚೇ ಬಿಸಾಡುತ್ತದೆ, ಟಿಸಿಪಿಡಂಪ್ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಇನ್ನೊಂದು, ವಿಲ್ಯಾನ್ ಟ್ಯಾಗ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಅಂತ ವಿಂಗಡಿಸುವ ಗುರುತು) ಸಮೇತ ಪ್ಯಾಕೆಟ್ ಬರುತ್ತಿದ್ದರೆ ಬರೀ ಹೋಸ್ಟ್ ಅಂತ ಕೊಟ್ಟ ಫಿಲ್ಟರ್‌ಗೆ ಏನೂ ಸಿಗದೇ ಇರಬಹುದು. ಮುಂದೆ 'ವಿಲ್ಯಾನ್ ಆಂಡ್' ಸೇರಿಸಬೇಕು. ಈ ಎರಡರ ಕಾಟ ಬೇಡ ಅಂತ ನಾನು ಎರಡೂ ಸರ್ವರ್‌ಗಳ ಮೇಲೇ, ಒಂದೇ ಹೊತ್ತಿಗೆ, ಒಂದೇ ಫಿಲ್ಟರ್ ಹಾಕಿದೆ. ಗಡಿಯಾರ ಎರಡರಲ್ಲೂ ಎನ್‌ಟಿಪಿಗೆ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಹೊಂದಿಕೊಂಡಿದೆಯಾ ಅಂತ ಮೊದಲೇ ನೋಡಿಕೊಂಡೆ.

ಉತ್ತರ ಸಿಕ್ಕಿದ್ದೇ ಈ ಎರಡು ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟಾಗ. ಅಪ್ಲಿಕೇಶನ್ ಕಡೆಯ ಫೈಲ್‌ನಲ್ಲಿ ಹೀಗಿತ್ತು: ಒಂದು ಕನೆಕ್ಷನ್ ಒಂದು ಗಂಟೆಗೂ ಜಾಸ್ತಿ ಸುಮ್ನೆ ಬಿದ್ದಿದೆ, ಆಮೇಲೆ ಒಂದು ಕ್ವೆರಿ ಹೋಗಿದೆ, ತಕ್ಷಣ ಡೇಟಾಬೇಸ್‌ನ ವಿಳಾಸದಿಂದ ಆರ್‌ಎಸ್‌ಟಿ ಬಂದಿದೆ. ಡೇಟಾಬೇಸ್ ಕಡೆಯ ಫೈಲ್‌ನಲ್ಲಿ ಆ ಕ್ವೆರಿ ಬಂದೇ ಇಲ್ಲ, ಆರ್‌ಎಸ್‌ಟಿ ಹೊರಟೂ ಇಲ್ಲ. ಟಿಟಿಎಲ್ ಅಂದರೆ ಪ್ಯಾಕೆಟ್ ದಾರಿಯಲ್ಲಿ ಪ್ರತಿ ಹೆಜ್ಜೆ ದಾಟಿದಾಗ ಒಂದೊಂದೇ ಕಡಿಮೆಯಾಗುವ ಎಣಿಕೆ. ಡೇಟಾಬೇಸ್‌ನಿಂದ ಬರುವ ಉಳಿದ ಪ್ಯಾಕೆಟ್‌ಗಳ ಟಿಟಿಎಲ್ 63, ಅಂದರೆ ಲಿನಕ್ಸ್ 64 ಅಂತ ಕಳಿಸಿ ನಡುವೆ ಒಂದು ಹೆಜ್ಜೆ ದಾಟಿದೆ. ಈ ಆರ್‌ಎಸ್‌ಟಿಯ ಟಿಟಿಎಲ್ 255, ಆ ಎಣಿಕೆಯ ಗರಿಷ್ಠ, ಅಂದರೆ ಒಂದು ಹೆಜ್ಜೆಯನ್ನೂ ದಾಟಿಲ್ಲ. ಡೇಟಾಬೇಸ್ ಹೆಸರಲ್ಲಿ ಮಾತಾಡಿದ್ದು ನಡುವಿನ ಫೈರ್‌ವಾಲ್, ಯಾವ ಪ್ಯಾಕೆಟ್ ದಾಟಬೇಕು ಅಂತ ಕಾಯುವ ಸಾಧನ. ಒಂದು ಗಂಟೆ ಸದ್ದಿಲ್ಲದ ಕನೆಕ್ಷನ್‌ಗಳನ್ನು ಅದು ತನ್ನ ಪಟ್ಟಿಯಿಂದ ತೆಗೆದು ಹಾಕುತ್ತಿತ್ತು, ಆಮೇಲೆ ಬಂದ ಪ್ಯಾಕೆಟ್ ಅದಕ್ಕೆ ಅಪರಿಚಿತ.

ಸುಮ್ಮನಿರುವ ಕನೆಕ್ಷನ್ ಇನ್ನೂ ಜೀವಂತವಾಗಿದೆಯಾ ಅಂತ ಆಗಾಗ ಪುಟ್ಟ ಪ್ಯಾಕೆಟ್ ಕಳಿಸುವುದು ಕೀಪ್‌ಅಲೈವ್. ಲಿನಕ್ಸ್‌ನಲ್ಲಿ ನಾವು ಬದಲಾಯಿಸದಿದ್ದರೆ ಅದು ಶುರುವಾಗುವುದು 7200 ಸೆಕೆಂಡ್, ಅಂದರೆ ಎರಡು ಗಂಟೆ ಆದ ಮೇಲೆ. ಅಷ್ಟರಲ್ಲಿ ಫೈರ್‌ವಾಲ್ ಕೆಲಸ ಮುಗಿಸಿರುತ್ತದೆ. ಅಪ್ಲಿಕೇಶನ್ ಜಾವಾದ್ದು. ಜಾವಾವನ್ನು ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್‌ನಲ್ಲಿ ಕೀಪ್‌ಅಲೈವ್ ನಾವಾಗಿ ಆನ್ ಮಾಡಬೇಕು, ಹಾಗಾಗಿ ಅದನ್ನು ಆನ್ ಮಾಡಿಸಿ, ಸರ್ವರ್‌ನಲ್ಲಿ ಸಮಯವನ್ನು 600 ಸೆಕೆಂಡಿಗೆ ಇಳಿಸಿದೆವು. ಮತ್ತೆ ಮೊದಲ ಸುತ್ತಿನ ಫಿಲ್ಟರನ್ನೇ ಓಡಿಸಿ ನೋಡಿದೆ, ಆ ಎರಡು ಯಂತ್ರಗಳ ನಡುವೆ 255ರ ಆರ್‌ಎಸ್‌ಟಿ ಬರುವುದು ನಿಂತಿತ್ತು. ಆದರೆ ಅದೇ ಫೈರ್‌ವಾಲ್ ದಾಟುವ ಇನ್ನೊಂದು ರಿಪೋರ್ಟ್ ಸರ್ವರ್‌ಗೆ ಬರುತ್ತಲೇ ಇತ್ತು. ಅದನ್ನು ನೋಡಿಕೊಳ್ಳುವವರಿಗೂ ಫೈಲ್ ಕಳಿಸಿದೆ, ಅವರೂ ಬದಲಾಯಿಸಿಕೊಂಡರು.