ಥರ್ಮಾಕೋಲ್ ಕುಯ್ಯೋ ಬಿಸಿ ತಂತಿ ಕಟರ್, ಒಂದೇ ಸೆಲ್ಲಲ್ಲಿ

ಗಣೇಶನ ಮಂಟಪಕ್ಕೆ ಅಂತ ಥರ್ಮಾಕೋಲ್‌ನ ಬ್ಲೇಡಲ್ಲಿ ಕುಯ್ದವ್ರಿಗೆ ಗೊತ್ತಿರತ್ತೆ, ಮನೆ ತುಂಬ ಬಿಳಿ ಕಾಳು, ಕೈಗಂಟ್ಕೊಂಡ್ರೆ ಒದರಿದ್ರೂ ಹೋಗಲ್ಲ. ಬಿಸಿ ತಂತಿ ಇದ್ರೆ ಬೆಣ್ಣೇಲಿ ಕೂದ್ಲು ತೆಗ್ದಂಗೆ.

ಬೇಕಾಗಿರೋದು 0.3 ಎಂಎಂ ನೈಕ್ರೋಮ್ ತಂತಿ (ಕರೆಂಟು ಹರಿದ್ರೆ ಕಾಯೋ ಹೀಟರ್ ತಂತಿ), ಪ್ರೊಟೆಕ್ಷನ್ ಇರೋ (ಶಾರ್ಟ್ ಆದ್ರೆ ತಾನೇ ಕಟ್ ಆಗೋ) ಒಂದು 18650 ಸೈಜಿನ ಲಿಥಿಯಂ ಸೆಲ್, ಅದಕ್ಕೊಂದು ಹೋಲ್ಡರ್, ಒತ್ತಿ ಹಿಡಿದಾಗ ಮಾತ್ರ ಆನ್ ಆಗೋ ಸ್ವಿಚ್ಚು (3 ಆಂಪ್ ತಡೆಯೋದು), 2 ಆಂಪ್ ಫ್ಯೂಸು, ಹಳೇ ಪೆನ್ನಿನ ಸ್ಪ್ರಿಂಗು, ಯು ಆಕಾರದ ಮರದ ಫ್ರೇಮು. ಬೆಂಗ್ಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಒಂದು ಸುತ್ತು ಹಾಕಿ, ಆಯ್ತು.

ಮುಖ್ಯವಾಗಿರೋದು ತಂತಿ ಉದ್ದ. ಈ ದಪ್ಪದ ನೈಕ್ರೋಮ್ ಮೀಟರ್‌ಗೆ ಹತ್ತತ್ರ 15 ಓಮ್ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ), ಅಂದ್ರೆ 20 ಸೆಂಟಿಮೀಟರ್‌ಗೆ 3 ಓಮ್, ಸೆಲ್ಲಿನ 3.7 ವೋಲ್ಟನ್ನ 3ರಿಂದ ಭಾಗಿಸಿದ್ರೆ 1.2 ಆಂಪ್, ನಾಲ್ಕೂವರೆ ವ್ಯಾಟ್ ಶಾಖ, ಥರ್ಮಾಕೋಲ್‌ಗೆ ಅಷ್ಟು ಸಾಕು. ನಾನು ಮೊದಲ್ನೇ ಸಲ ಲೆಕ್ಕ ಗಿಕ್ಕ ಹಾಕ್ದೆ, ಫ್ಯೂಸೂ ಇಲ್ದೆ, 8 ಸೆಂಟಿಮೀಟರ್ ಕಟ್ಟಿಬಿಟ್ಟೆ. ತಂತಿ ಕೆಂಡ ಆಯ್ತು, ಶೀಟು ಮುಟ್ಟೋಕೆ ಮುಂಚೇನೇ ಕರಗಿ ಬೆರಳು ತೂರೋ ಅಷ್ಟು ಸಂದಿ, ಸ್ವಿಚ್ಚೂ ಮೆತ್ತಗಾಯ್ತು. ತಂತಿಯ ಓಮನ್ನ ಮಲ್ಟಿಮೀಟರಲ್ಲಿ ನೋಡೋವಾಗ ಅದರ ಎರಡು ಮುಳ್ಳನ್ನ ಒಂದಕ್ಕೊಂದು ತಾಗಿಸಿ ಬರೋ ರೀಡಿಂಗ್ ಕಳೀರಿ, ಇಷ್ಟು ಕಮ್ಮಿ ಓಮಲ್ಲಿ ಅದೇ ಲೆಕ್ಕ ತಪ್ಪಿಸತ್ತೆ.

ನೈಕ್ರೋಮ್‌ಗೆ ಸೋಲ್ಡರ್ ಹಿಡಿಯಲ್ಲ, ಸುಮ್ನೆ ಒದ್ದಾಡ್ಬೇಡಿ. ವೈರು ಜೋಡಿಸೋ ಪ್ಲಾಸ್ಟಿಕ್ ಕನೆಕ್ಟರ್ ಒಳಗಡೆ ಸ್ಕ್ರೂ ಇರೋ ಹಿತ್ತಾಳೆ ತುಂಡು ಇರತ್ತಲ್ಲ, ಅದನ್ನ ತೆಗ್ದು ತಂತಿ, ತಾಮ್ರದ ವೈರು ಎರಡನ್ನೂ ಅದರಲ್ಲೇ ಬಿಗೀರಿ. ಬಿಸಿಯಾದ್ರೆ ತಂತಿ ಉದ್ದ ಆಗಿ ಜೋಲತ್ತೆ, ಅದಕ್ಕೇ ಒಂದು ತುದೀಲಿ ಸ್ಪ್ರಿಂಗು. ಆದ್ರೆ ಕರೆಂಟು ಸ್ಪ್ರಿಂಗ್ ಮೂಲಕ ಹೋಗ್ಬಾರ್ದು, ಅದೂ ಕಾದು ಬಿಗಿ ಕಳ್ಕೊಳತ್ತೆ, ವೈರನ್ನ ಅದಕ್ಕಿಂತ ಮುಂಚೇನೇ ಆ ಹಿತ್ತಾಳೆ ತುಂಡಿಗೆ ಕೊಡಿ. ಫ್ಯೂಸು ಸೆಲ್ಲಿನ ಪ್ಲಸ್ ಪಕ್ಕದಲ್ಲೇ ಇರ್ಲಿ.

ಕುಯ್ಯೋವಾಗ ಒತ್ಬೇಡಿ, ತಂತಿ ಬಿಲ್ಲಿನಂಗೆ ಬಾಗಿದ್ರೆ ನೀವು ಅವಸರ ಮಾಡ್ತಿದೀರ ಅಂತ. ಹೊಗೆ ಒಳ್ಳೇದಲ್ಲ, ಕಿಟಕಿ ತೆಗ್ದು ಕೂತ್ಕೊಳ್ಳಿ, ಪಿವಿಸಿ ಶೀಟಂತೂ ಇದರಲ್ಲಿ ಮುಟ್ಲೇಬೇಡಿ, ಆಸಿಡ್ ಹೊಗೆ ಬರತ್ತೆ. ಮಕ್ಳಿರೋ ಮನೆ ಆದ್ರೆ ಕೆಲ್ಸ ಮುಗಿದ ತಕ್ಷಣ ಸೆಲ್ ಬಿಚ್ಚಿ ಬೇರೆ ಡಬ್ಬೀಲಿಡಿ, ಕೀ ಗೊಂಚಲು ಚಿಲ್ರೆ ಕಾಸು ಇರೋ ಡ್ರಾಯರಲ್ಲಲ್ಲ, ಅವು ತಾಗಿ ಶಾರ್ಟ್ ಆಗ್ಬೋದು.