ಮುಳ್ಳಯ್ಯನಗಿರಿಗೆ ಮೂರು ಎತ್ತರ

ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಯೊಬ್ಬ ಬರೆದು ತಂದ ಪ್ರಬಂಧದಲ್ಲಿ, ಕಾವೇರಿ ಹುಟ್ಟುವ ಕೊಡಗಿನ ಬ್ರಹ್ಮಗಿರಿಯಲ್ಲಿಯೇ ಅಶೋಕನ ಶಾಸನವೂ ದೊರೆತಿದೆ ಎಂಬ ವಾಕ್ಯವಿತ್ತು. ಇದನ್ನು ಎಲ್ಲಿಂದ ತೆಗೆದುಕೊಂಡೆ ಎಂದು ಕೇಳಿದಾಗ, ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲದ ವಿಶ್ವಕೋಶವೊಂದರ ಕನ್ನಡ ಪುಟವನ್ನು ಅವನು ತೋರಿಸಿದ. ಅಶೋಕನ ಶಾಸನವಿರುವ ಬ್ರಹ್ಮಗಿರಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ್ದು ಅಲ್ಲಿ. ತಲಕಾವೇರಿಯ ಬ್ರಹ್ಮಗಿರಿ ಬೇರೆ, ಇರ್ಪು ಜಲಪಾತದ ಮೇಲೆ ಕೊಡಗಿಗೂ ವಯನಾಡಿಗೂ ಗಡಿಯಾಗಿ ನಿಂತ ಬ್ರಹ್ಮಗಿರಿ ಸಾಲು ಬೇರೆ, ಗೋದಾವರಿ ಹುಟ್ಟುವ ತ್ರ್ಯಂಬಕೇಶ್ವರದ ಬ್ರಹ್ಮಗಿರಿ ಮತ್ತೂ ಬೇರೆ. ಯಾರೋ ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸಿಟ್ಟಿದ್ದರು. ಆ ಸಂಜೆಯೇ ಖಾತೆ ತೆರೆದು, ಒಂದು ಪುಟವನ್ನು ನಾಲ್ಕಾಗಿ ಒಡೆದು, ಹೆಸರು ಒಂದೇ ಆದರೂ ಬೆಟ್ಟಗಳು ನಾಲ್ಕು ಎಂದು ತಿಳಿಸುವ ಸಣ್ಣದೊಂದು ಸೂಚನಾ ಪುಟವನ್ನೂ ಸೇರಿಸಿದೆ. ಪಶ್ಚಿಮ ಘಟ್ಟದ ಲೇಖನಗಳನ್ನು ತಿದ್ದುವ ಕೆಲಸ ನನಗೆ ಅಂಟಿಕೊಂಡದ್ದು ಹೀಗೆ.

ಮೊದಮೊದಲು ಎದುರಾದ ತಪ್ಪುಗಳು ಬಹುಪಾಲು ಭಾಷೆಯವು. ಯಂತ್ರಾನುವಾದದಿಂದ ಬಂದ ಪುಟಗಳಲ್ಲಿ ಪರ್ವತ ಶ್ರೇಣಿ ಎನ್ನಬೇಕಾದಲ್ಲಿ 'ಪರ್ವತ ವ್ಯಾಪ್ತಿ' ಎಂದಿರುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಘಟ್ಟಕ್ಕೂ ಘಾಟಿಗೂ ನಮ್ಮವರು ಮಾಡುವ ವ್ಯತ್ಯಾಸ ಅಳಿಸಿಹೋಗಿದ್ದುದು. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದಾಗ ನಾವು ಬೆಟ್ಟದ ಸಾಲನ್ನೇ ಹೇಳುತ್ತೇವೆ. ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ, ಆಗುಂಬೆ ಘಾಟಿ ಎಂದಾಗ ಆ ಸಾಲನ್ನು ಹತ್ತಿಳಿಯುವ ದಾರಿಯನ್ನು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ಚಾರ್ಮಾಡಿಯು ಕನ್ನಡ ಪುಟದಲ್ಲಿ ಒಂದು 'ಪರ್ವತ'ವಾಗಿಬಿಟ್ಟಿತ್ತು. ಇಂಥವನ್ನು ತಿದ್ದುವುದು ಸುಲಭ, ಯಾರೂ ಜಗಳಕ್ಕೆ ಬರುವುದಿಲ್ಲ. ದಕ್ಷಿಣ ಭಾರತದ ಅತ್ಯುನ್ನತ ಶಿಖರ ದೊಡ್ಡಬೆಟ್ಟ ಎಂಬ ಹೇಳಿಕೆಯೂ ಹಾಗೆಯೇ. ದೊಡ್ಡಬೆಟ್ಟ 2,637 ಮೀಟರ್, ಆನಮುಡಿ 2,695 ಮೀಟರ್ ಎಂದು ಅಕ್ಕಪಕ್ಕ ಬರೆದರೆ ಅಲ್ಲಿಗೆ ಮುಗಿಯಿತು.

ಜಗಳ ಹುಟ್ಟಿದ್ದು ಮುಳ್ಳಯ್ಯನಗಿರಿಯ ವಿಷಯದಲ್ಲಿ. ಕರ್ನಾಟಕದ ಅತಿ ಎತ್ತರದ ಈ ಶಿಖರಕ್ಕೆ ಒಂದು ಪುಟ 1,925 ಮೀಟರ್ ಎಂದರೆ ಇನ್ನೊಂದು 1,930 ಎನ್ನುತ್ತಿತ್ತು. ಒಬ್ಬರು ತಿದ್ದಿದ್ದನ್ನು ಮತ್ತೊಬ್ಬರು ಅಳಿಸುವ ಆಟ ಬಹಳ ಕಾಲದಿಂದ ನಡೆದಿತ್ತೆಂದು ಪುಟದ ಇತಿಹಾಸ ನೋಡಿದಾಗ ತಿಳಿಯಿತು. ಹಳೆಯ ಮೈಸೂರು ಗ್ಯಾಸೆಟಿಯರ್ ಈ ಬೆಟ್ಟಕ್ಕೆ 6,317 ಅಡಿ ಎಂದು ಕೊಡುತ್ತದೆ. ಅದನ್ನು ಮೀಟರಿಗೆ ಇಳಿಸಿದರೆ 1,925 ಬರುತ್ತದೆ. ಈಚಿನ ಬರಹಗಳಲ್ಲಿ ಕಾಣುವ 6,330 ಅಡಿಯನ್ನು ಇಳಿಸಿದರೆ 1,929 ಚಿಲ್ಲರೆ, ಅಂದರೆ 1,930ರ ಹತ್ತಿರ. ಎರಡೂ ಕಡೆಯವರು ತಮ್ಮ ಪುಸ್ತಕಕ್ಕೆ ನಿಷ್ಠರಾಗಿಯೇ ಇದ್ದರು. ತಮ್ಮ ಸಂಖ್ಯೆ ಯಾವ ಕಾಲದ ಅಳತೆಯದು ಎಂಬುದನ್ನು ಮಾತ್ರ ಯಾರೂ ನಮೂದಿಸಿರಲಿಲ್ಲ.

ಇಲ್ಲಿ ನಾನೇ ಮಾಡಿದ ಪೆದ್ದುತನವನ್ನೂ ಹೇಳಬೇಕು. ಪುಸ್ತಕಗಳ ಜಗಳವನ್ನು ಸ್ಥಳದಲ್ಲಿಯೇ ತೀರಿಸುತ್ತೇನೆಂದು ಒಂದು ಭಾನುವಾರ ಮೆಟ್ಟಿಲು ಹತ್ತಿ, ಶಿಖರದ ಗುಡಿಯ ಪಕ್ಕದಲ್ಲಿ ನಿಂತು ಮೊಬೈಲಿನ ಜಿಪಿಎಸ್ ತೆರೆದೆ. ಅದು 1,840ರ ಆಸುಪಾಸಿನ ಅಂಕಿಯನ್ನು ತೋರಿಸಿತು. ನೂರು ವರ್ಷಗಳಿಂದ ಎಲ್ಲರೂ ತಪ್ಪು ಬರೆಯುತ್ತ ಬಂದಿದ್ದಾರೆ ಎಂಬ ಉತ್ಸಾಹದಲ್ಲಿ ಅದನ್ನೇ ಪುಟಕ್ಕೆ ಹಾಕಿಬಿಟ್ಟೆ. ಮರುದಿನ ಚರ್ಚಾ ಪುಟದಲ್ಲಿ ಸ್ವಯಂಸೇವಕರೊಬ್ಬರು ಒಂದೇ ಪ್ರಶ್ನೆ ಕೇಳಿದ್ದರು: 'ಸರ್, ಈ ಎತ್ತರ ಯಾವ ಮೇಲ್ಮೈಯಿಂದ?' ಭೂಗೋಳದ ಮೇಷ್ಟ್ರಾದ ನನಗೆ ಉತ್ತರ ಹೊಳೆಯಲಿಲ್ಲ. ಜಿಪಿಎಸ್ ನೇರವಾಗಿ ಅಳೆಯುವುದು ಸಮುದ್ರಮಟ್ಟದಿಂದಲ್ಲ, ಭೂಮಿಯ ಆಕಾರಕ್ಕೆ ಗಣಿತವು ಕಲ್ಪಿಸಿಕೊಂಡ ನುಣುಪಾದ ದೀರ್ಘವೃತ್ತಜದಿಂದ. ಗುರುತ್ವದ ಏರಿಳಿತದಿಂದಾಗಿ ನಿಜವಾದ ಸಮುದ್ರಮಟ್ಟ ಈ ಮೇಲ್ಮೈಗೆ ಎಲ್ಲೆಡೆಯೂ ಹೊಂದುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಇಡೀ ಜಗತ್ತಿನಲ್ಲಿ ಅತಿ ಆಳದ ತಗ್ಗು ಅದೇ, ಮತ್ತು ನಮ್ಮ ದಕ್ಷಿಣ ಕರ್ನಾಟಕ ಆ ತಗ್ಗಿನ ಇಳಿಜಾರಿನಲ್ಲಿದೆ. ಹೀಗಾಗಿ ಇಲ್ಲಿ ತಿದ್ದುಪಡಿಯಿಲ್ಲದ ಜಿಪಿಎಸ್ ಅಂಕಿ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕಿಂತ ಎಂಬತ್ತಕ್ಕೂ ಮಿಕ್ಕಿದಷ್ಟು ಮೀಟರ್ ಕಡಿಮೆ ಇರುತ್ತದೆ. ಕೆಲವು ಆ್ಯಪ್‌ಗಳು ಈ ವ್ಯತ್ಯಾಸವನ್ನು ತಾವೇ ಸರಿಪಡಿಸುತ್ತವೆ, ಕೆಲವು ಸರಿಪಡಿಸುವುದಿಲ್ಲ. ನನ್ನದು ಎರಡನೆಯ ಜಾತಿಯದು. ಚಾರಣಿಗರು ಸೇರಿಸಿದ ಎತ್ತರ ನಂಬಿಕಸ್ತ ಆಕರಕ್ಕಿಂತ ಇಷ್ಟೇ ಪ್ರಮಾಣದಲ್ಲಿ ಕಡಿಮೆ ಕಂಡರೆ ಕಾರಣವೇನೆಂದು ಈಗ ಕೂಡಲೇ ಊಹಿಸುತ್ತೇನೆ.

ಉಪಗ್ರಹ ದತ್ತಾಂಶದಿಂದ ತೆಗೆದ ಎತ್ತರಕ್ಕೂ ಅದರದೇ ಮಿತಿಯಿದೆ. 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ನಡೆದ ರೇಡಾರ್ ಸಮೀಕ್ಷೆಯ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಆದರೆ ಅದು ನೆಲವನ್ನು ಚೌಕಗಳಾಗಿ ನೋಡಿ ಒಂದೊಂದು ಚೌಕಕ್ಕೂ ಒಂದೊಂದು ಎತ್ತರವನ್ನು ಕೊಡುತ್ತದೆ. ಬಾಬಾಬುಡನ್‌ಗಿರಿಯಂತಹ ಅಗಲ ನೆತ್ತಿಗೆ ಅದರಿಂದ ತೊಂದರೆಯಿಲ್ಲ, ಕೊಡಚಾದ್ರಿಯಂತಹ ಚೂಪು ತುದಿ ಮಾತ್ರ ಸವೆದಂತೆ ಕಾಣುತ್ತದೆ. ಆದ್ದರಿಂದ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ನಕಾಶೆಯನ್ನು ತೆಗೆದು, ಶಿಖರದ ಪಕ್ಕದಲ್ಲಿ ಅಚ್ಚಾದ ಎತ್ತರವನ್ನು ನೋಡಿ, ನಕಾಶೆಯ ವರ್ಷದ ಸಮೇತ ಅದನ್ನು ಬರೆಯುವುದು ನನ್ನ ಈಗಿನ ಕ್ರಮ. ಹಳೆಯ ಅಂಕಿಯನ್ನು ಅಳಿಸದೆ, ಅದು ಯಾವ ಕಾಲದ್ದೆಂದು ಪಕ್ಕದಲ್ಲಿಯೇ ಹೇಳುತ್ತೇನೆ. ಮುಳ್ಳಯ್ಯನಗಿರಿಯ ಪುಟದಲ್ಲಿ ಅಳಿಸುವ ಆಟ ನಿಂತದ್ದು ಈ ಉಪಾಯದಿಂದಲೇ.

ಒಂದು ಸಲ ಆಕರವೇ ಕೈಕೊಟ್ಟಿತು. ಘಟ್ಟದ ಬೇರೊಂದು ಶಿಖರದ ಎತ್ತರಕ್ಕೆ ಪತ್ರಿಕೆಯ ಲೇಖನವೊಂದನ್ನು ಆಧಾರವಾಗಿ ಕೊಟ್ಟಿದ್ದೆ. ಆಮೇಲೆ ನೋಡಿದರೆ ಆ ಲೇಖನದ ಎರಡು ವಾಕ್ಯಗಳು ನಮ್ಮ ವಿಶ್ವಕೋಶದ ಹಳೆಯ ಆವೃತ್ತಿಯವು, ಅಲ್ಪವಿರಾಮವೂ ಬದಲಾಗಿರಲಿಲ್ಲ. ನಮ್ಮ ತಪ್ಪು ಪತ್ರಿಕೆಗೆ ಹೋಗಿ, ಆಧಾರವೆಂಬ ಗೌರವ ಪಡೆದು ನಮ್ಮಲ್ಲಿಗೇ ಮರಳಿತ್ತು. ಅಂದಿನಿಂದ ಯಾವ ಬರಹವನ್ನು ಆಧಾರವಾಗಿ ಕೊಡುವ ಮೊದಲೂ ಅದು ಪ್ರಕಟವಾದ ದಿನ ಮುಂಚಿನದೋ, ನಮ್ಮ ಪುಟಕ್ಕೆ ಆ ಅಂಕಿ ಸೇರಿದ ದಿನ ಮುಂಚಿನದೋ ಎಂದು ನೋಡುತ್ತೇನೆ.

ಇಡೀ ಪಶ್ಚಿಮ ಘಟ್ಟದ ವಿಸ್ತೀರ್ಣದ ವಿಚಾರದಲ್ಲಿ ಇಷ್ಟರಿಂದಲೂ ಬಗೆಹರಿಯಲಿಲ್ಲ. ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ 1,29,037 ಚದರ ಕಿಲೋಮೀಟರ್ ಎಂದಿತು; ಕಸ್ತೂರಿರಂಗನ್ ಸಮಿತಿ 2013ರಲ್ಲಿ 1,64,280 ಎಂದಿತು. ಎರಡು ವರ್ಷಗಳಲ್ಲಿ ಬೆಟ್ಟ ಬೆಳೆಯಲಿಲ್ಲ, ಅದರ ಗಡಿಯನ್ನು ಗುರುತಿಸುವ ಬಗೆ ಬದಲಾಯಿತು. ಪುಟದಲ್ಲಿ ಒಂದೇ ಸಂಖ್ಯೆ ಇರಲೆಂದು ಹಲವರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಈಗ ಎರಡೂ ಸಂಖ್ಯೆಗಳು ಅವನ್ನು ಕೊಟ್ಟವರ ಹೆಸರಿನೊಂದಿಗೆ ಅಲ್ಲಿವೆ.

ಸದ್ಯಕ್ಕೆ ನನ್ನನ್ನು ಕಾಡುತ್ತಿರುವುದು, ಪಶ್ಚಿಮ ಘಟ್ಟವೆಲ್ಲ ಲಾವಾದಿಂದಾದದ್ದು ಎಂಬ ವಾಕ್ಯ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಪದರಗಳು ಮಹಾರಾಷ್ಟ್ರದಿಂದ ಬೆಳಗಾವಿಯ ಕಡೆಗೆ ಬಂದು ಮುಗಿಯುತ್ತವೆ. ಬಾಬಾಬುಡನ್ ಸಾಲಿನ ಕಬ್ಬಿಣಭರಿತ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಈ ವಾಕ್ಯವನ್ನು ಮೂರು ಬಾರಿ ತಿದ್ದಿದ್ದೇನೆ, ಮೂರು ಬಾರಿಯೂ ಯಾರೋ ಹಳೆಯದನ್ನೇ ತಂದು ಕೂರಿಸಿದ್ದಾರೆ. ಚರ್ಚಾ ಪುಟದಲ್ಲಿ ಕಾರಣ ಕೇಳಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.